ಎರೆ ಸೀಮೆಗೆ ಕಾರಿನಲ್ಲಿ ಎರಡು ದಿನ

ಡಿಸೆಂಬರ್ ಬಂತೆಂದರೆ ನಮ್ಮ ಸಾಲಿಯ ಸ್ಟಾಫ್ ರೂಮಿನಲ್ಲಿ ಒಂದೇ ಮಾತು: ಎರಡು ದಿನ ರಜೆ ಸಿಕ್ಕರೆ ಎಲ್ಲಿಗೆ ಹೋಗೋಣ? ಹುಬ್ಬಳ್ಳಿಯವರ ಕಾರೆಲ್ಲ ಪಶ್ಚಿಮಕ್ಕೇ ಮುಖ ಮಾಡಿರುತ್ತವೆ. ದಾಂಡೇಲಿ, ಗೋಕರ್ಣ, ಗೋವಾ. ನಾನು ಎಂಟು ವರ್ಷದಿಂದ ಪೂರ್ವಕ್ಕೆ ಹೋಗುತ್ತಿದ್ದೇನೆ. ಅಣ್ಣಿಗೇರಿ, ಗದಗ, ಲಕ್ಕುಂಡಿ, ಡಂಬಳ. ಮರುದಿನ ಮಾಗಡಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗುಡಗೇರಿ, ಕುಂದಗೋಳ. ಸಂಜೆಗೆ ಮತ್ತೆ ಹುಬ್ಬಳ್ಳಿ. ಅತ್ತಿತ್ತ ತಿರುಗಿದ್ದೆಲ್ಲ ಸೇರಿ 250 ಕಿ.ಮೀ. ಆಸುಪಾಸು. ಕೇಳಿದವರಿಗೆಲ್ಲ ಬಾಯಿಮಾತಲ್ಲಿ ಹೇಳಿ ಹೇಳಿ ಈಗ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಹುಟ್ಟಿದ್ದು ಗುಡಗೇರಿ ಕಡೆಯ ಒಂದು ಹಳ್ಳಿಯಲ್ಲಿ, ಕಾರು ಕಲಿತದ್ದು 44ನೇ ವಯಸ್ಸಿಗೆ. ಗಾಡಿ 2014ರ ವ್ಯಾಗನಾರ್. ಪಕ್ಕದ ಸೀಟಿನಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ; ಹಿಂದೆ ಅವ್ವ. ಅವ್ವನಿಗೆ 71 ವರ್ಷ, ಮೊಣಕಾಲು ನೋವು. ಹಾಗಾಗಿ ಇಲ್ಲಿ ಬರೆದದ್ದು ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ, ಗಂಡಸರಿಲ್ಲದೆ ತಾವೇ ಗಾಡಿ ಓಡಿಸಿಕೊಂಡು ಹೋಗುವ ಹೆಣ್ಣುಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು.

ಮೊದಲೇ ಒಂದು ಮಾತು. ಈ ಸೀಮೆಯಲ್ಲಿ ಜಲಪಾತ ಇಲ್ಲ, ಘಾಟ್ ಇಲ್ಲ, ‘ವ್ಯೂ ಪಾಯಿಂಟ್’ ಅಂತ ಬೋರ್ಡು ಹಾಕಿದ ಜಾಗ ಇಲ್ಲ. ಎಂಬತ್ತರ ವೇಗದಲ್ಲಿ ಹೋದರೆ ಎರಡೂ ಕಡೆ ಬರೀ ಹೊಲ. ಇಲ್ಲಿ ನೋಡಬೇಕೆಂದರೆ ಗಾಡಿ ನಿಲ್ಲಿಸಬೇಕು, ಇಳಿಯಬೇಕು, ಯಾರನ್ನಾದರೂ ಮಾತಾಡಿಸಬೇಕು. ದಿನಕ್ಕೆ ನೂರು, ನೂರಿಪ್ಪತ್ತು ಕಿ.ಮೀ.ಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಯಾವಾಗ ಹೋಗಬೇಕು

ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನತನಕ. ಆಗ ಹಿಂಗಾರಿ ಬೆಳೆ ನಿಂತಿರುತ್ತದೆ: ಬಿಳಿಜೋಳ, ಕಡಲೆ, ಕುಸುಬಿ, ಗೋಧಿ, ನಡುನಡುವೆ ಬಿಳಿ ಬಿಟ್ಟ ಹತ್ತಿ. ಮಾಗಡಿ ಕೆರೆಗೆ ಹಕ್ಕಿಗಳು ಬಂದಿರುತ್ತವೆ. ಜನವರಿಯಲ್ಲಿ ಹೋದರೆ ಸೀತನಿ ಸಿಗುತ್ತದೆ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಕಾಳು. ಅದಕ್ಕೆ ಶೇಂಗಾ ಹಿಂಡಿ, ಬೆಲ್ಲ. ಇದು ಹೋಟೆಲಿನಲ್ಲಿ ಸಿಗುವ ಪದಾರ್ಥ ಅಲ್ಲ, ಹೊಲದ ಬದುವಿನಲ್ಲೇ ಸಿಗಬೇಕು. ಸುಲಗಾಯಿ (ಹಸಿ ಕಡಲೆ) ಮಾತ್ರ ರಸ್ತೆ ಬದಿಗೆ ಕಟ್ಟು ಕಟ್ಟಿ ಮಾರುತ್ತಾರೆ. ಒಂದು ಕಟ್ಟು ತಗೊಂಡು ಹಿಂದಿನ ಸೀಟಿನವರ ಕೈಗೆ ಕೊಟ್ಟರೆ ಇಪ್ಪತ್ತು ಕಿ.ಮೀ. ದಾರಿ ಸಾಗಿದ್ದೇ ಗೊತ್ತಾಗುವುದಿಲ್ಲ.

ನಿಮ್ಮ ರಜೆ ಎಳ್ಳಮಾವಾಸ್ಯೆಗೆ ಹೊಂದಿದರೆ ಬೇರೆ ಎಲ್ಲ ಯೋಜನೆ ಬದಿಗಿಟ್ಟು ಅವತ್ತೇ ಹೊರಡಿ. ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ (ಹೊಲಕ್ಕೆ ನೈವೇದ್ಯ ಎರಚಿ), ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ ಊಟಕ್ಕೆ ಕೂತಿರುತ್ತಾರೆ. ಕಾರು ನಿಧಾನ ಮಾಡಿದರೆ ಸಾಕು, “ಬರ್ರಿ, ಊಟಕ್ಕ ಬರ್ರಿ” ಎಂದು ಕರೆಯುತ್ತಾರೆ. ಅದು ಬಾಯಿಮಾತಿನ ಕರೆಯಲ್ಲ, ಹೋಗಿ ಕೂತುಬಿಡಿ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಎಲ್ಲ ಬರುತ್ತದೆ. ಬರಿಗೈಲಿ ಹೋಗಬಾರದು ಅಂತ ಅವ್ವ ಧಾರವಾಡ ಪೇಡೆಯ ಎರಡು ಡಬ್ಬಿ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡೇ ಕೂತಿರುತ್ತಾಳೆ. ನೀವೂ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಹೋಗಬೇಡಿ ಎನ್ನುವುದಕ್ಕೆ ಎರಡು ಕಾರಣ. ನವಲಗುಂದ ಕಡೆಯ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳ ಹೆಸರು ಕೇಳಿದವರಿಗೆ ಮೊದಲನೆಯದು ಗೊತ್ತು. ಮೇಲೆಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೇ ಹಳ್ಳ ಬಂದು ದಾರಿ ಕಟ್ಟಾಗುತ್ತದೆ. ಎರಡನೆಯದು ಎರೆ ಮಣ್ಣು, ಈ ಸೀಮೆಯ ಕಪ್ಪು ಮಣ್ಣು. ಅದನ್ನು ನಾನು ಮೈಮೇಲೆ ಹಾಕಿಕೊಂಡು ಕಲಿತಿದ್ದೇನೆ.

ಆವತ್ತು ಅಕ್ಟೋಬರ್. ಬೆಳಿಗ್ಗೆ ಒಂದು ಅಡ್ಡ ಮಳೆ ಬಂದು ಹೋಗಿತ್ತು, ಮಧ್ಯಾಹ್ನಕ್ಕೆ ಚೊಕ್ಕ ಬಿಸಿಲು. ಎದುರಿಗೆ ಬಂದ ಟ್ರ್ಯಾಕ್ಟರ್‌ಗೆ ದಾರಿ ಬಿಡಲು ಎಡಗಡೆಯ ಎರಡು ಗಾಲಿ ಡಾಂಬರಿನಿಂದ ಕೆಳಗಿಳಿಸಿದೆ, ಅಷ್ಟೇ. ಮೇಲೆ ಒಣಗಿದ ಹಾಗೆ ಕಾಣುವ ಮಣ್ಣು ಒಳಗೆ ಬೆಣ್ಣೆ. ಎಕ್ಸಲೇಟರ್ ಕೊಟ್ಟಷ್ಟೂ ಗಾಲಿ ಮಣ್ಣನ್ನು ಸುತ್ತಿಕೊಂಡಿತು. ಒಂದು ನಿಮಿಷದಲ್ಲಿ ಟೈರು ಎರಡು ಪಟ್ಟು ದಪ್ಪ ಆಗಿ ಮಡ್‌ಗಾರ್ಡಿಗೆ ತಾಗಿ ಕಚ್ಚಿಕೊಂಡು ನಿಂತೇಬಿಟ್ಟಿತು. ಹೊಲದಿಂದ ಒಬ್ಬರು ಓಡಿಬಂದರು. “ಇಂಜಿನ್ ಬಂದ್ ಮಾಡ್ರಿ ಅಕ್ಕಾರ, ತಿರುವಿದಂಗ ತಿರುವಿದಂಗ ಒಳಗ ಇಳೀತೈತಿ” ಎಂದರು. ಕುಡಗೋಲಿನಿಂದ ಗಾಲಿಯ ಮಣ್ಣನ್ನು ಹೋಳು ಹೋಳಾಗಿ ಕೊಯ್ದು ತೆಗೆದರು. ಬಣವಿಯಿಂದ ಎರಡು ಸೂಡು ಕಣಿಕಿ (ಒಣಗಿದ ಜೋಳದ ದಂಟು) ತಂದು ಗಾಲಿಯ ಮುಂದೆ ಉದ್ದಕ್ಕೆ ಹಾಸಿದರು. ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿಸಿದರು. ಕಾರು ಮೇಲೆ ಬಂತು. ಅವ್ವ ರೊಕ್ಕ ಕೊಡಲು ಹೋದರೆ, “ದಾರ್ಯಾಗ ಸಿಕ್ಕವರ ಕಡೆ ರೊಕ್ಕ ತಗೋತಾರೇನಬೇ ಯವ್ವಾ” ಅಂದರು. ಅವ್ವನ ತವರು ಯಾವುದು ಎಂದು ಕೇಳಿ, ಅಲ್ಲಿಯ ಒಂದು ಮನೆತನಕ್ಕೆ ತಮ್ಮ ತಂಗಿಯನ್ನು ಕೊಟ್ಟಿದ್ದನ್ನು ಹೇಳಿ, ನಮ್ಮನ್ನು ಕಳಿಸಿಕೊಟ್ಟರು.

ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಆ ಬಿರುಕಿನೊಳಗೆ ಕೈ ಇಳಿಸಬಹುದು. ನಮ್ಮ ಕಡೆಯ ಹಳ್ಳಿ ರಸ್ತೆಗಳು ಒಳ್ಳೆಯ ಡಾಂಬರು ಹಾಕಿದರೂ ಎರಡು ವರ್ಷಕ್ಕೆ ಅಲೆಅಲೆಯಾಗುವುದು ಇದರಿಂದಲೇ. ಕೆಳಗಿನ ಮಣ್ಣು ವರ್ಷಾ ಏಳುತ್ತದೆ, ವರ್ಷಾ ಇಳಿಯುತ್ತದೆ. ಆದ್ದರಿಂದ ಕಣ್ಣಿಗೆ ನುಣ್ಣಗೆ ಕಂಡರೂ ಐವತ್ತು ದಾಟಬೇಡಿ, ಹಿಂದೆ ಕೂತವರ ಸೊಂಟಕ್ಕೆ ಏಟು. ಮಳೆ ಬಿದ್ದು ಮೂರು ದಿನವಾದರೂ ಡಾಂಬರು ಬಿಟ್ಟು ಗಾಲಿ ಇಳಿಸಬೇಡಿ. ಎದುರಿಗೆ ದೊಡ್ಡ ಗಾಡಿ ಬಂದರೆ ಸೇತುವೆಯ ಬಾಯಿಯಲ್ಲೋ ಊರ ಅಗಸಿಯ ಹತ್ತಿರವೋ ಗಟ್ಟಿ ಜಾಗ ನೋಡಿ ಮೊದಲೇ ನಿಂತುಬಿಡಿ.

ಗಾಡಿ, ದಾರಿ, ಕೇಳುವ ರೀತಿ

ಗಾಡಿಗೆ ವಿಶೇಷ ಏನೂ ಬೇಡ. ನಮ್ಮದು ಸಣ್ಣ ಕಾರು, ಎಲ್ಲ ಕಡೆ ಹೋಗಿ ಬಂದಿದೆ. ಆದರೆ ಸ್ಟೆಪ್ನಿಯಲ್ಲಿ ಗಾಳಿ ಇದೆಯೇ, ಜ್ಯಾಕು ಪಾನಾ ಇವೆಯೇ ನೋಡಿಕೊಳ್ಳಿ. ಜಾಲಿ ಮುಳ್ಳು ಈ ಸೀಮೆಯ ಎಲ್ಲ ಬದುವಿನಲ್ಲೂ ಇದೆ. ಪೆಟ್ರೋಲನ್ನು ಹುಬ್ಬಳ್ಳಿಯಲ್ಲೇ ಪೂರ್ತಿ ಹಾಕಿಸಿ. ಹತ್ತು, ಇಪ್ಪತ್ತರ ನೋಟು ಒಂದಿಷ್ಟು ಇರಲಿ. ಚಾದಂಗಡಿಯಲ್ಲೂ ಫೋನ್‌ಪೇ ಇದೆ ನಿಜ, ನೆಟ್‌ವರ್ಕ್ ಇರಬೇಕಲ್ಲ. ಒಂದು ಕುಡಗೋಲು, ಒಂದು ಹಳೇ ಗೋಣಿಚೀಲ ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಯಾಕೆ ಅಂತ ಮೇಲೆ ಹೇಳಿದ್ದೇನೆ.

ನೀರು ಮನೆಯಿಂದಲೇ ಒಯ್ಯಿರಿ. ಗದಗ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಖಾಲಿಯಾದರೆ ಊರೂರಿಗೂ ಶುದ್ಧ ನೀರಿನ ಘಟಕ ಇರುತ್ತದೆ, ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಬಹುದು. ನಾಣ್ಯ ಇಲ್ಲದಿದ್ದರೆ ಅಲ್ಲಿ ನಿಂತ ಯಾರಾದರೂ ತಮ್ಮ ಕಾರ್ಡು ಹಚ್ಚಿ ತುಂಬಿಸಿ ಕೊಡುತ್ತಾರೆ.

ಈಗ ಮುಖ್ಯ ಎಚ್ಚರಿಕೆ. ಸುಗ್ಗಿಯ ದಿನಗಳಲ್ಲಿ ಹಳ್ಳಿ ರಸ್ತೆಯ ಮೇಲೆ ಹುರುಳಿ, ಹೆಸರು, ಕಡಲೆ, ಜೋಳ ಹರವಿರುತ್ತಾರೆ. ಕಣ ಮಾಡುವವರು ಕಡಿಮೆಯಾಗಿ ರಸ್ತೆಯೇ ಕಣವಾಗಿದೆ, ಓಡಾಡುವ ಗಾಡಿಗಳೇ ಒಕ್ಕುತ್ತವೆ. ಬಸ್ಸು, ಲಾರಿ ಎತ್ತರ, ಅವು ದಾಟಿ ಹೋಗುತ್ತವೆ. ಕಾರು ತಗ್ಗು. ಹುರುಳಿಯ ಬಳ್ಳಿ ಗಾಲಿಯ ಅಚ್ಚಿಗೆ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಹೊಗೆ ಏಳುತ್ತದೆ, ಮುಂದೆ ಬೆಂಕಿ. ಕಾರು ಪೂರ್ತಿ ಸುಟ್ಟುಹೋದ ಸುದ್ದಿಗಳು ನಮ್ಮ ಕಡೆ ಬರುತ್ತಲೇ ಇರುತ್ತವೆ. ದಪ್ಪಗೆ ಹರವಿದ್ದರೆ ದೂರದಲ್ಲೇ ನಿಂತು, ಇಳಿದು, “ಅಣ್ಣಾರ, ಸ್ವಲ್ಪ ಬಾಜೂ ಸರಸ್ರಿ, ಕಾರ್ ಐತ್ರಿ” ಅನ್ನಿ. ಸಲಿಕೆ ತಂದು ಒಂದು ಗಾಲಿ ದಾರಿ ಮಾಡಿಕೊಡುತ್ತಾರೆ. ಗೊತ್ತಿಲ್ಲದೆ ದಾಟಿಬಿಟ್ಟಿದ್ದರೆ ನೂರು ಮೀಟರು ಮುಂದೆ ಹೋಗಿ ಇಂಜಿನ್ ಬಂದ್ ಮಾಡಿ, ಬಗ್ಗಿ ಕೆಳಗೆ ನೋಡಿ. ಸಿಕ್ಕಿದ ಬಳ್ಳಿಯನ್ನು ಕೈಯಿಂದ ಎಳೆದರೆ ಬರುವುದಿಲ್ಲ; ಕುಡಗೋಲಿನಿಂದ ಕತ್ತರಿಸಿ ಬಿಡಿಸಿ.

ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. ಇದರಲ್ಲಿ ರಾಜಿ ಇಲ್ಲ. ಹೊಟ್ಟು ತುಂಬಿದ ಟ್ರ್ಯಾಕ್ಟರ್ ಟ್ರೇಲರಿಗೆ ಹಿಂದೆ ಲೈಟಿರುವುದಿಲ್ಲ, ಚಕ್ಕಡಿಗಂತೂ ಮೊದಲೇ ಇಲ್ಲ. ಸಂಜೆ ಆರಕ್ಕೆ ತಂಗುವ ಊರು ಸೇರಿರಬೇಕು.

ದಾರಿ ಕೇಳುವುದರಲ್ಲೂ ಒಂದು ರೀತಿ ಇದೆ. ಮೊಬೈಲಿನ ಮ್ಯಾಪ್ ಹತ್ತಿರದ ದಾರಿ ತೋರಿಸುತ್ತದೆ, ಅದು ಹೊಲದ ಬಂಡಿ ದಾರಿಯೂ ಆಗಿರಬಹುದು. ಹಳ್ಳಿಗಳ ನಡುವೆ ಮ್ಯಾಪ್ ನೋಡಿ ದಿಕ್ಕು ತಿಳಿದುಕೊಳ್ಳಿ, ದಾರಿಯನ್ನು ಮಂದಿಗೆ ಕೇಳಿ. “ಡಂಬಳಕ್ಕ ಇದ ದಾರಿ ಹೌದ್ರಿ?” ಅಂತ ಕೇಳಿದರೆ ನಿಮ್ಮ ಮನಸ್ಸಿಗೆ ಬೇಜಾರಾಗಬಾರದೆಂದು “ಹೌದ್ರಿ” ಅಂದುಬಿಡುವವರಿದ್ದಾರೆ, ಆ ದಾರಿಯೂ ಹೇಗೋ ಡಂಬಳಕ್ಕೆ ಹೋಗಿಯೇ ಹೋಗುತ್ತದೆ. “ಡಂಬಳಕ್ಕ ಹೋಗಾಕ ಯಾವ ದಾರಿ ಚಲೋ ಐತ್ರಿ? ಸಣ್ಣ ಕಾರ್ ಹೊಕ್ಕೈತ್ರಿ?” ಅಂತ ಕೇಳಿ. ನಡೆದು ಹೋಗುವವರಿಗಿಂತ ಟಂಟಂ ಓಡಿಸುವವರನ್ನು, ಬೈಕಿನ ಮೇಲೆ ಹಾಲಿನ ಕ್ಯಾನು ಹಾಕಿಕೊಂಡು ಹೋಗುವವರನ್ನು ಕೇಳುವುದು ಚಲೋ. ಯಾವ ತಗ್ಗು ಎಲ್ಲಿದೆ ಎಂದು ಅವರಿಗೆ ನಿನ್ನೆಯ ಲೆಕ್ಕ ಗೊತ್ತು. ಕಾರಿನೊಳಗೆ ಕೂತು ಗಾಜು ಇಳಿಸಿ ಕೇಳಬೇಡಿ. ಇಳಿದು ಕೇಳಿ. ಹಿರಿಯರಿದ್ದರೆ ಕಾಕಾರ, ಅಜ್ಜಾರ ಅನ್ನಿ. “ಇಲ್ಲೇ ಐತ್ರಿ” ಅಂದರೆ ಇನ್ನೂ ನಾಲ್ಕೈದು ಕಿ.ಮೀ. ಎಂದು ತಿಳಿಯಿರಿ.

ಶೌಚಾಲಯದ ವಿಷಯ ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಗದಗ, ಲಕ್ಷ್ಮೇಶ್ವರದ ದೊಡ್ಡ ಪೆಟ್ರೋಲ್ ಬಂಕುಗಳು, ಬಸ್ ಸ್ಟ್ಯಾಂಡುಗಳು, ಊಟಕ್ಕೆ ಕೂತ ಖಾನಾವಳಿ: ಇವಿಷ್ಟೇ ನೆಚ್ಚಿಕೆಯ ಜಾಗ. ಸಿಕ್ಕಲ್ಲಿ ಹೋಗಿಬನ್ನಿ, ಮುಂದೆ ನೋಡೋಣ ಎನ್ನಬೇಡಿ. ಊರಲ್ಲಿದ್ದಾಗ ಯಾರದಾದರೂ ಮನೆಯಲ್ಲಿ ಕೇಳುವುದಕ್ಕೆ ನಾಚಿಕೆ ಬೇಡ. “ಯಕ್ಕಾ, ನಮ್ಮ ಅವ್ವಗ ಸ್ವಲ್ಪ…” ಅಂದರೆ ಸಾಕು, ತಂಬಿಗೆ ತುಂಬಿ ಕೊಟ್ಟು, ಬರುವಾಗ ಚಾ ಕುಡಿಸಿ ಕಳಿಸುತ್ತಾರೆ.

ಮೊದಲನೇ ದಿನ

ಬೆಳಿಗ್ಗೆ ಏಳಕ್ಕೆ ಹುಬ್ಬಳ್ಳಿ ಬಿಡಿ. ಗದಗಿನ ರಸ್ತೆ ಹೆದ್ದಾರಿ, 58 ಕಿ.ಮೀ., ಹೇಳುವಂಥದ್ದೇನಿಲ್ಲ. ದಾರಿಯಲ್ಲಿ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ್ದು, ಊರ ನಡುವೆಯೇ ಇದೆ. ಆದಿಕವಿ ಪಂಪ ಹುಟ್ಟಿದ ಊರು ಇದು ಎನ್ನುತ್ತಾರೆ.

ಗದಗಿನಲ್ಲಿ ಈಗ ನಿಲ್ಲದೆ ನೇರ ಲಕ್ಕುಂಡಿಗೆ ಹೋಗಿ, ಇನ್ನು 12 ಕಿ.ಮೀ. ಅಷ್ಟೇ. ಲಕ್ಕುಂಡಿಯಲ್ಲಿ ಎಲ್ಲವನ್ನೂ ನೋಡುತ್ತೇನೆ ಅಂತ ಹೊರಡಬೇಡಿ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಹೇಳುವ ಮಾತು. ಎರಡು ತಾಸಿನಲ್ಲಿ ಮೂರು ನೋಡಿ ಸಾಕು. ಒಂದು, ಬ್ರಹ್ಮ ಜಿನಾಲಯ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ. ಪೊನ್ನನ ಶಾಂತಿಪುರಾಣವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಸಿ ಹಂಚಿದ ಹೆಣ್ಣುಮಗಳು ಆಕೆ. ಅಚ್ಚು ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ನಾನು ಪ್ರತಿ ವರ್ಷ ಆ ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಬರುತ್ತೇನೆ. ಎರಡು, ಕಾಶಿವಿಶ್ವೇಶ್ವರ. ಶಿವನ ಗುಡಿ, ಸೂರ್ಯನ ಗುಡಿ ಒಂದಕ್ಕೊಂದು ಎದುರುಬದುರಾಗಿವೆ. ಬಾಗಿಲವಾಡದ ಕೆತ್ತನೆಯನ್ನು ಹತ್ತಿರ ನಿಂತು ನೋಡಿ, ಆದರೆ ಮುಟ್ಟಬೇಡಿ. ಮೂರು, ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿ. ಅವ್ವನಿಗೆ ಇಳಿಯಲು ಆಗುವುದಿಲ್ಲ, ಮೇಲಿನ ಕಟ್ಟೆಯಿಂದಲೇ ಮೆಟ್ಟಿಲ ಸಾಲು ಚೆನ್ನಾಗಿ ಕಾಣುತ್ತದೆ. ಬಾವಿಯ ಮೆಟ್ಟಿಲು ನುಣುಪು, ಮಕ್ಕಳನ್ನು ಕೈ ಬಿಡಬೇಡಿ.

ಊಟಕ್ಕೆ ಗದಗಿಗೆ ವಾಪಸ್ಸು. ಯಾವುದಾದರೂ ಖಾನಾವಳಿ, ಹನ್ನೆರಡೂವರೆಯಿಂದ ಎರಡೂವರೆ ಒಳಗೆ. ತಡ ಮಾಡಿದರೆ ಬಿಸಿ ರೊಟ್ಟಿ ಮುಗಿದು ಕಟಕ ರೊಟ್ಟಿ ಬರುತ್ತದೆ. ಅದೂ ರುಚಿಯೇ, ಆದರೆ ಹಲ್ಲು ಗಟ್ಟಿ ಬೇಕು. ಸಂಜೆಗೆ ಮಿರ್ಚಿ, ಗಿರ್ಮಿಟ್ ಎಲ್ಲಿ ಬೇಕಾದರೂ ಸಿಗುತ್ತದೆ.

ಮೂರರ ಹೊತ್ತಿಗೆ ಮುಂಡರಗಿ ದಿಕ್ಕಿಗೆ ಡಂಬಳಕ್ಕೆ ಹೊರಡಿ, ಇಪ್ಪತ್ತು ಕಿ.ಮೀ. ಚಿಲ್ಲರೆ. ಬಲಕ್ಕೆ ಕಪ್ಪತಗುಡ್ಡದ ಸಾಲು ಕಾಣುತ್ತದೆ, ಮೇಲೆ ಗಾಳಿಯಂತ್ರಗಳು. 2019ರಲ್ಲಿ ಇದನ್ನು ವನ್ಯಜೀವಿಧಾಮ ಮಾಡಿದರು. ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ಚಳಿಗಾಲದಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿ ತುಂಡು ಸಾಕು ಇಡೀ ಇಳಿಜಾರು ಸುಡಲು. ಗುಡ್ಡ ಹತ್ತುವ ಮನಸ್ಸಿದ್ದರೆ ಅದಕ್ಕೇ ಬೇರೆ ದಿನ ಇಟ್ಟುಕೊಂಡು, ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಹೋಗಿ.

ಡಂಬಳದ ದೊಡ್ಡಬಸಪ್ಪ ಗುಡಿಯನ್ನು ಸಂಜೆ ನಾಲ್ಕರ ಬಿಸಿಲಲ್ಲಿ ನೋಡಬೇಕು. ಯಾಕೆಂದರೆ ಈ ಗುಡಿಯ ಗೋಡೆ ಸಪಾಟಾಗಿಲ್ಲ. ಗರ್ಭಗುಡಿಯ ಸುತ್ತು 24 ಮೂಲೆಯ ನಕ್ಷತ್ರ. ಬಿಸಿಲು ಓರೆಯಾದಾಗ ಪ್ರತಿ ಮೂಲೆಯ ಒಂದು ಮಗ್ಗುಲು ಬೆಳಗುತ್ತದೆ, ಇನ್ನೊಂದು ಮಗ್ಗುಲು ಕಪ್ಪು. ಒಂದು ಬೆಳಕು, ಒಂದು ನೆರಳು, ಹೀಗೆ ಬುಡದಿಂದ ಶಿಖರದತನಕ ಗೆರೆ ಏರುತ್ತ ಹೋಗುತ್ತದೆ. ಮಧ್ಯಾಹ್ನ ಬಂದರೆ ಇದು ಕಾಣುವುದಿಲ್ಲ. ಮೊದಲ ಸಲ ನೋಡಿದಾಗ ಅವ್ವ, “ಇಳಕಲ್ ಸೀರಿ ನಿರಿಗಿ ಹಿಡಿದ್ಹಂಗ ಐತಲ್ಲವಾ” ಅಂದಳು. ಕಲ್ಲಿಗೆ ನಿರಿಗೆ ಹಾಕಿದ್ದಾರೆ. ಅದಕ್ಕಿಂತ ಒಳ್ಳೆಯ ಮಾತು ನನಗೆ ಇವತ್ತಿನತನಕ ಸಿಕ್ಕಿಲ್ಲ.

ಮಕ್ಕಳಿದ್ದರೆ ಹೀಗೆ ತೋರಿಸಿ. ಒಂದೇ ಅಳತೆಯ ಆರು ಚೌಕ ರಟ್ಟು ಕತ್ತರಿಸಿ ಮನೆಯಿಂದ ಒಯ್ಯಿರಿ. ಎಲ್ಲದರ ನಡುವೆ ಒಂದು ಗುಂಡುಸೂಜಿ ಚುಚ್ಚಿ. ಮೊದಲನೆಯದನ್ನು ಹಾಗೇ ಬಿಟ್ಟು, ಎರಡನೆಯದನ್ನು 15 ಡಿಗ್ರಿ, ಮೂರನೆಯದನ್ನು 30 ಡಿಗ್ರಿ, ಹೀಗೆ ತಿರುಗಿಸುತ್ತ ಬನ್ನಿ. ಆರು ಚೌಕದ ನಾಲ್ಕು ನಾಲ್ಕು ಮೂಲೆ, ಒಟ್ಟು 24. ರಟ್ಟಿನ ನಕ್ಷತ್ರವನ್ನು ಕೈಯಲ್ಲಿ ಹಿಡಿದು ಗುಡಿ ಸುತ್ತಿ ಮೂಲೆ ಎಣಿಸಲು ಹೇಳಿ. ನನ್ನ ಅಣ್ಣನ ಮಗ ಮೂರು ಸುತ್ತು ಹಾಕಿದ. ಒಂದೊಂದು ಸಲ ಒಂದೊಂದು ಲೆಕ್ಕ ಬಂತು. ಕೊನೆಗೆ ಶುರು ಮಾಡಿದ ಮೂಲೆಯ ಎದುರು ನೆಲದ ಮೇಲೆ ತನ್ನ ಚಪ್ಪಲಿ ಇಟ್ಟು ಎಣಿಸಿದ. ಮುಂದಿನ ಭಾಗ ಮಂಟಪಕ್ಕೆ ಕೂಡಿಕೊಂಡಿರುವುದರಿಂದ ಕೆಲವು ಮೂಲೆ ಕಾಣುವುದಿಲ್ಲ, ಅವನ್ನು ರಟ್ಟು ನೋಡಿ ತಿಳಿಯಬೇಕು ಎಂದು ಅವನೇ ಕಂಡುಹಿಡಿದ. ಎಂಟೊಂಬತ್ತು ಶತಮಾನದ ಹಿಂದೆ ಉಳಿ ಹಿಡಿದವರ ಲೆಕ್ಕ ಆರನೇ ಇಯತ್ತೆಯ ಹುಡುಗನ ಕೈಯಲ್ಲಿ ಬಂದು ಕೂತಿತು. ಒಳಗಿನ ದೊಡ್ಡ ಬಸವಣ್ಣನನ್ನು ನೋಡಿ, ಐದಕ್ಕೆ ಹೊರಟು ಬೆಳಕಿರುವಾಗಲೇ ಗದಗ ಸೇರಿ.

ರಾತ್ರಿ ಗದಗಿನಲ್ಲೇ ಉಳಿಯಿರಿ. ಲಾಡ್ಜುಗಳು ಸಾಕಷ್ಟಿವೆ; ರೂಮು ನೋಡಿ, ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ ಕೇಳಿ ಆಮೇಲೆ ರೊಕ್ಕ ಕೊಡಿ. ಲಿಫ್ಟ್ ಇಲ್ಲದ ಕಡೆ ವಯಸ್ಸಾದವರಿಗೆ ಕೆಳಗಿನ ರೂಮು ಬೇಕೆಂದು ಮೊದಲೇ ಫೋನಿನಲ್ಲಿ ಹೇಳಿಡಿ. ಹೊತ್ತಿದ್ದರೆ ವೀರನಾರಾಯಣ ಗುಡಿಗೆ ಹೋಗಿ. ಗದುಗಿನ ನಾರಣಪ್ಪ, ಕುಮಾರವ್ಯಾಸ, ಅಲ್ಲಿಯ ಕಂಬಕ್ಕೆ ಒರಗಿ ಒದ್ದೆ ಬಟ್ಟೆ ಆರುವತನಕ ಭಾರತ ಬರೆಯುತ್ತಿದ್ದ ಅನ್ನುತ್ತಾರೆ. ತ್ರಿಕೂಟೇಶ್ವರ ಗುಡಿಯ ಆವರಣದೊಳಗಿನ ಸರಸ್ವತಿ ಗುಡಿಯ ಕಂಬಗಳನ್ನು ಮಾತ್ರ ಕತ್ತಲಲ್ಲಿ ನೋಡಬೇಡಿ, ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ.

ಎರಡನೇ ದಿನ, ಮಾಗಡಿ

ಇದಕ್ಕಾಗಿಯೇ ನಾನು ಪ್ರತಿ ವರ್ಷ ಹೋಗುವುದು.

ಗದಗಿನಿಂದ ಮಾಗಡಿ 26 ಕಿ.ಮೀ. ಬೆಳಿಗ್ಗೆ ಐದೂಮುಕ್ಕಾಲಿಗೆ ಹೊರಟರೆ ಬೆಳಕು ಹರಿಯುವಾಗ ಕೆರೆ ಏರಿಯ ಮೇಲಿರುತ್ತೀರಿ. ಕತ್ತಲಲ್ಲಿ ಓಡಿಸಬೇಡಿ ಎಂದು ಹೇಳಿ ನಾನೇ ಮುರಿಯುವುದು ಇದೊಂದೇ ಸಲ. ಬೆಳಗಿನ ಹೊತ್ತು ಟ್ರ್ಯಾಕ್ಟರ್ ಕಡಿಮೆ, ಆದರೂ ನಲವತ್ತು ದಾಟುವುದಿಲ್ಲ. ಸ್ವೆಟರು, ಕುಲಾಯಿ, ಫ್ಲಾಸ್ಕಿನಲ್ಲಿ ಚಾ ಇರಲಿ. ಕಾರನ್ನು ಏರಿಯಿಂದ ದೂರದಲ್ಲಿ ನಿಲ್ಲಿಸಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ, ಹಾಡು ಬಂದ್ ಮಾಡಿ.

ಇಲ್ಲಿಗೆ ಬರುವುದು ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೀರು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ, ಸಾವಿರಾರು ಸಂಖ್ಯೆಯಲ್ಲಿ ಈ ಸಣ್ಣ ಊರಿನ ಕೆರೆಗೆ ಬಂದು ಚಳಿಗಾಲ ಕಳೆಯುತ್ತವೆ. 2024ರಲ್ಲಿ ಮಾಗಡಿ ಕೆರೆ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಹಗಲೆಲ್ಲ ನೀರಿನಲ್ಲಿ ವಿಶ್ರಾಂತಿ. ಮೇವಿಗೆ ಹೊತ್ತು ಮುಳುಗಿದ ಮೇಲೆ ಹೊಲಗಳಿಗೆ ಹೋಗುತ್ತವೆ. ಅಂದರೆ ಬೆಳಿಗ್ಗೆ ನಾವು ನೋಡುವುದು ಅವು ಕೆಲಸದಿಂದ ಮನೆಗೆ ಮರಳುವುದನ್ನು.

ಮೊದಲು ಕಾಣುವುದಿಲ್ಲ, ಕೇಳುತ್ತದೆ. ಕತ್ತಲೆ ಪೂರ್ತಿ ಹರಿದಿರುವುದಿಲ್ಲ, ಪೂರ್ವಕ್ಕೆ ಹೊಲಗಳ ಮೇಲೆ ಮಂಜು. ಎಲ್ಲೋ ದೂರದಲ್ಲಿ ಸಂತೆಯಿಂದ ಬರುವ ಹೆಣ್ಣುಮಕ್ಕಳೆಲ್ಲ ಒಮ್ಮೆಗೇ ಮಾತಾಡಿದ ಹಾಗೆ ಗದ್ದಲ. ಆಮೇಲೆ ಒಂದು ಗೆರೆ, ಓಲಾಡುವ ದಾರದ ಹಾಗೆ. ಅದರ ಹಿಂದೆ ಇನ್ನೊಂದು. ತಲೆಯ ಮೇಲೆ ಬಂದಾಗ ರೆಕ್ಕೆಯ ಸಪ್ಪಳ ಬೇರೆಯಾಗಿ ಕೇಳುತ್ತದೆ, ಹೊಸ ಸೀರೆ ಕೊಡವಿದ ಹಾಗೆ. ಕೆರೆಯ ಮೇಲೆ ಒಂದು ಸುತ್ತು ಹಾಕಿ, ರೆಕ್ಕೆ ಬಿಗಿ ಹಿಡಿದು, ಕಾಲು ಮುಂದೆ ಚಾಚಿ ನೀರು ಸೀಳಿಕೊಂಡು ಕೂರುತ್ತವೆ. ಕೂತ ಮೇಲೂ ಮಾತು ನಿಲ್ಲುವುದಿಲ್ಲ. ಎಂಟರ ಹೊತ್ತಿಗೆ ಬಿಸಿಲು ಬಿದ್ದಾಗ ನೀರೇ ಕಾಣದಷ್ಟು ಹಕ್ಕಿ.

ಇವು ತಿನ್ನುವುದು ಸುತ್ತಲಿನ ರೈತರ ಶೇಂಗಾ, ಕಡಲೆ, ಎಳೆ ಪೈರು. ಆದರೂ ಊರವರು ಕಲ್ಲು ಬೀಸುವುದಿಲ್ಲ. ಒಂದು ವರ್ಷ ಏರಿಯ ಮೇಲೆ ಸಿಕ್ಕ ಅಜ್ಜಾರನ್ನು ಕೇಳಿದೆ, ಲುಕ್ಸಾನ ಆಗೋದಿಲ್ಲೇನ್ರಿ ಅಂತ. “ಆಗ್ತೈತಿ. ಅಷ್ಟ ದೂರದಿಂದ ಬಂದಾವು, ಉಪಾಸ ಕಳಸಾಕ ಬರ್ತೈತೇನು” ಅಂದರು. ಹಾಗಾಗಿ ನಾವು ಹೋದವರು ಹಕ್ಕಿಗಷ್ಟೇ ಅಲ್ಲ, ಆ ಊರಿಗೂ ಮರ್ಯಾದೆ ಕೊಡಬೇಕು. ನೀರಿನ ಅಂಚಿಗೆ ಇಳಿಯಬೇಡಿ, ಹಾರಿಸಿ ಫೋಟೋ ತೆಗೆಯಲು ಚಪ್ಪಾಳೆ ಹೊಡೆಯಬೇಡಿ. ಡ್ರೋನ್ ತರಲೇಬೇಡಿ. ಕೆಂಪು, ಹಳದಿ ಬಿಟ್ಟು ಮಣ್ಣಿನ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಒಂದು ದುರ್ಬೀನು ಇದ್ದರೆ ತಲೆಯ ಗೀರು ಎಣಿಸಬಹುದು. ಅವ್ವನಿಗೆ ನಿಲ್ಲಲು ಆಗುವುದಿಲ್ಲವೆಂದು ನಾವು ಮಡಚುವ ಕುರ್ಚಿ ಒಯ್ಯುತ್ತೇವೆ. ವೈನಿ ದುರ್ಬೀನು ಹಿಡಿದರೆ ಬೇರೆಯವರಿಗೆ ಸಿಗುವುದಿಲ್ಲ, ಆದ್ದರಿಂದ ಎರಡು ಇಟ್ಟುಕೊಂಡರೆ ಒಳ್ಳೆಯದು. ನಾಷ್ಟಾಕ್ಕೆ ಊರೊಳಗಿನ ಚಾದಂಗಡಿಗೆ ಬನ್ನಿ, ಬಿಸಿ ಮಂಡಕ್ಕಿ ಒಗ್ಗರಣಿ ಸಿಕ್ಕರೆ ತಿನ್ನಿ. ನಾಲ್ಕು ರೂಪಾಯಿ ಆ ಊರಲ್ಲಿ ಖರ್ಚಾಗಲಿ.

ಕಡಲೆ ಹೊಲ ಕಂಡರೆ ಬಿಸಿಲು ಏರುವ ಮೊದಲು ಬದುವಿನಲ್ಲಿ ನಿಂತು ಎಲೆಯ ಮೇಲಿನ ಇಬ್ಬನಿಯನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿ. ಹುಳಿ. ಕಡಲೆ ಗಿಡ ಎಲೆಯಿಂದ ಹುಳಿ ಬಿಡುತ್ತದೆ. ಅವ್ವನ ಸಣ್ಣಂದಿನಲ್ಲಿ ರಾತ್ರಿ ಗಿಡದ ಮೇಲೆ ಬಿಳಿ ಅರಿವೆ ಹಾಸಿ, ಬೆಳಿಗ್ಗೆ ಹಿಂಡಿ ಶೀಸೆಯಲ್ಲಿ ಇಡುತ್ತಿದ್ದರಂತೆ, ಹೊಟ್ಟೆನೋವಿಗೆ ಔಷಧಿ ಎಂದು. ಬರಿಗಾಲಲ್ಲಿ ಒಳಗೆ ಹೋದರೆ ಪಾದ ಉರಿಯುತ್ತದೆ, ಹೊಸ ಸೀರೆಯ ಅಂಚೂ ಕೆಡುತ್ತದೆ. ಹೊಲದವರಿದ್ದರೆ ಕೇಳಿ ಮುಟ್ಟಿ.

ಮುಂದೆ ಶಿರಹಟ್ಟಿ 8 ಕಿ.ಮೀ. ಫಕ್ಕೀರೇಶ್ವರ ಮಠಕ್ಕೆ ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ‘ದ್ವೇಷ ಬಿಡು, ಪ್ರೀತಿ ಮಾಡು’ ಎನ್ನುವುದು ಮಠದ ಮಾತು. ಅಲ್ಲಿಂದ ಲಕ್ಷ್ಮೇಶ್ವರ. ಹಳೆಯ ಹೆಸರು ಪುಲಿಗೆರೆ, ಕವಿರಾಜಮಾರ್ಗ ತಿರುಳ್ಗನ್ನಡದ ಊರುಗಳೆಂದು ಎಣಿಸಿದ ನಾಲ್ಕರಲ್ಲಿ ಒಂದು. ಸೋಮೇಶ್ವರ ಗುಡಿಗೆ ಕೋಟೆಯಂಥ ಗೋಡೆ, ಒಳಗೆ ನಂದಿಯ ಮೇಲೆ ಕೂತ ಶಿವಪಾರ್ವತಿ. ಶಂಖ ಬಸದಿಯಲ್ಲಿ ಒಂದೇ ಕಲ್ಲಿನಲ್ಲಿ ಸಾವಿರದೆಂಟು ಜಿನಬಿಂಬ ಕೆತ್ತಿದ ಸಹಸ್ರಕೂಟವಿದೆ. ಎರಡಕ್ಕೂ ಸೇರಿ ಎರಡು ತಾಸು ಕೊಡಿ, ಊಟ ಇಲ್ಲೇ ಮುಗಿಸಿ. ಪೇಟೆಯ ರಸ್ತೆ ಇಕ್ಕಟ್ಟು, ಕಾರನ್ನು ಹೊರಗೇ ನಿಲ್ಲಿಸಿ ನಡೆದುಹೋಗಿ. ಸಂತೆಯ ದಿನವಾದರೆ ಇನ್ನೂ ದೂರ ನಿಲ್ಲಿಸಬೇಕು.

ಗುಡಗೇರಿ ದಾರಿ ಹಿಡಿದ ಮೇಲೆ ಅವ್ವ ಹಿಂದಿನ ಸೀಟಿನಿಂದ ಮುಂದೆ ಬಾಗುತ್ತಾಳೆ. ಹೊತ್ತಿದ್ದರೆ ಕೇಳಿಕೊಂಡು ಶಿಶುನಾಳಕ್ಕೆ ಹೋಗಿಬನ್ನಿ. ಶರೀಫರ ಗದ್ದುಗೆ ಇರುವ ಊರು. ಅವರ ಗುರು ಗೋವಿಂದ ಭಟ್ಟರ ಊರು ಕಳಸವೂ ಅದೇ ಕಡೆ. ಸಂಜೆ ಭಜನೆಯವರು ಇದ್ದರೆ ಮೂಲೆಯಲ್ಲಿ ಕೂತು ಕೇಳಿ, ಮೊಬೈಲು ಎತ್ತಬೇಡಿ. ಆಮೇಲೆ ಸಂಶಿ, ಕುಂದಗೋಳ. ಕುಂದಗೋಳದಲ್ಲಿ ಶಂಭುಲಿಂಗ ಗುಡಿ ನೋಡಿ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರು ಇದ್ದ ಊರಿದು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲು ಹಿಡಿದು ಇಲ್ಲಿಗೆ ಬಂದು ಪಾಠ ಹೇಳಿಸಿಕೊಂಡು ರಾತ್ರಿ ವಾಪಸ್ಸು ಹೋಗುತ್ತಿದ್ದರು. ಅದೇ ಹಳಿ ರಸ್ತೆಯ ಪಕ್ಕ ಆಗಾಗ ಕಾಣುತ್ತ ಬರುತ್ತದೆ. ಐದೂವರೆಗೆ ಕುಂದಗೋಳ ಬಿಟ್ಟರೆ ಬೆಳಕಿನಲ್ಲೇ ಹುಬ್ಬಳ್ಳಿ ಸೇರುತ್ತೀರಿ.

ಮನೆಗೆ ಬಂದ ಮೇಲೆ ಗಾಡಿಯನ್ನು ಅವತ್ತೇ ತೊಳೆಯಬೇಡಿ. ಎರೆ ಮಣ್ಣು ಹಸಿಯಿದ್ದಾಗ ನೀರು ಬಿಟ್ಟರೆ ಇನ್ನಷ್ಟು ಅಂಟುತ್ತದೆ. ಎರಡು ದಿನ ಬಿಸಿಲಿಗೆ ನಿಲ್ಲಿಸಿ, ಮಡ್‌ಗಾರ್ಡಿನ ಒಳಗಡೆ ಕಟ್ಟಿಗೆಯಿಂದ ಮೆಲ್ಲಗೆ ತಟ್ಟಿ. ಹೆಂಟೆ ಹೆಂಟೆಯಾಗಿ ತಾನೇ ಉದುರುತ್ತದೆ. ನಮ್ಮ ಮನೆಯಲ್ಲಿ ಉದುರಿದ ಆ ಮಣ್ಣನ್ನು ಅವ್ವ ಮೊರದಲ್ಲಿ ಬಳಿದುಕೊಂಡು ಹೋಗಿ ತುಳಸಿ ಕಟ್ಟೆಗೆ ಹಾಕುತ್ತಾಳೆ.